ಅಚ್ಚಿನ ಬಾಗು

"ಇನ್ನೊಂದು ಗಳಿಗೆ ನೋಡೋಣ. ಮರ ನೀರು ಕುಡಿದು ಊದಿಕೊಂಡ್ರೆ ಸೋರೋದು ತಾನಾಗೇ ನಿಲ್ಲುತ್ತೆ," ಎಂದರು ಬಕೆಟ್ಟು ಮಾಡಿದ್ದ ಭಾವ.

ಅಂಗಳದ ಚಪ್ಪಡಿಯ ಮೇಲಿಟ್ಟಿದ್ದ ದೊಡ್ಡ ಮರದ ಬಕೆಟ್ಟಿನ ಸುತ್ತ ನೀರು ಆಗಲೇ ಹರಡಿ, ಸಣ್ಣ ಕಾಲುವೆಯಾಗಿ ಬಾಗಿಲ ಕಡೆ ಹೊರಟಿತ್ತು. ಬಣ್ಣದಮ್ಮ ಚಪ್ಪಲಿ ಒದ್ದೆಯಾಗದಂತೆ ಹಿಂದೆ ಸರಿದಳು. ಬೀದಿಯ ಕೊನೆಯಲ್ಲಿ ಬಟ್ಟೆಗೆ ಬಣ್ಣ ಹಾಕುವವಳು ಅವಳು. ಮೊಣಕೈವರೆಗೂ ನೀಲಿಗಟ್ಟಿದ ಅವಳ ಕೈಗಳನ್ನು ನೋಡಿಯೇ ಜನ ಆ ಹೆಸರಿಟ್ಟಿದ್ದರು.

"ಯಜಮಾನ್ರೇ, ನಾನು ಕೇಳಿದ್ದು ಬಕೆಟ್ಟು. ನೀವು ಜರಡಿ ಮಾಡಿಟ್ಟಿದೀರಲ್ಲ," ಎಂದಳು. "ಮರದ್ದಾದ್ರೆ ಬಿಸಿ ಹಿಡಿದಿಟ್ಟುಕೊಳ್ಳುತ್ತೆ, ಬಣ್ಣ ಕೆಡಲ್ಲ ಅಂತ ನಿಮ್ಮ ಹತ್ರ ಬಂದೆ. ಮುಂದಿನ ವಾರ ಬರ್ತೀನಿ. ಆಗ್ಲೂ ಹೀಗೇ ಆದ್ರೆ ಬೇಜಾರು ಮಾಡ್ಕೋಬೇಡಿ, ಸ್ಟೀಲಿಂದು ತರಿಸ್ತೀನಿ."

ಅವಳು ಹೋದ ಮೇಲೆ ಭಾವ ಬಕೆಟ್ಟಿನ ಸುತ್ತಲ ಹಿತ್ತಾಳೆ ಪಟ್ಟಿಯನ್ನು ಸುತ್ತಿಗೆಯಿಂದ ಇನ್ನಷ್ಟು ಮೇಲೇರಿಸಿ ಬಿಗಿ ಮಾಡಿದರು. ಸೋರುವುದು ನಿಲ್ಲಲಿಲ್ಲ. ಒಂದು ಹಲಗೆ ಮಾತ್ರ ಚಟ್ಟೆಂದು ಸೀಳಿತು.

ಮೂಲೆಯಲ್ಲಿ ಕೂತು ಬಕೆಟ್ಟಿನ ಹಿಡಿಕೆ ಉಜ್ಜುತ್ತಿದ್ದ ಟೈಲರ್ ಇದನ್ನೆಲ್ಲ ನೋಡುತ್ತಿದ್ದ. ಅವನು ಭಾವನ ಹೆಂಡತಿಯ ತಮ್ಮ. ಜನ ಸಿದ್ಧ ಉಡುಪು ತೊಡಲು ಶುರುಮಾಡಿದ ಮೇಲೆ ಅವನ ಹೊಲಿಗೆ ಅಂಗಡಿ ಮುಚ್ಚಿತ್ತು. ಅಕ್ಕ ಹೇಳಿದ್ದರಿಂದ ಇಲ್ಲಿಗೆ ಬಂದಿದ್ದ. ಅಂಗಡಿ ಹೋದರೂ ಕೊರಳಿನ ಅಳತೆ ಟೇಪು ಇಳಿದಿರಲಿಲ್ಲ. ಭಾವ ಅದನ್ನು "ನಮ್ಮ ಭಾಮೈದನ ಹಾರ" ಎನ್ನುತ್ತಿದ್ದರು. ಹಿಡಿಕೆ ಉಜ್ಜುವುದು, ಮರದ ಹೊಟ್ಟು ಗುಡಿಸುವುದು, ಇಷ್ಟೇ ಅವನ ಕೆಲಸ. ಕಾರ್ಖಾನೆಯಲ್ಲಿ ಎರಡು ಬೆಂಚುಗಳಿದ್ದವು. ಒಂದು ಭಾವನದು. ಕಿಟಕಿ ಪಕ್ಕದ್ದು ಖಾಲಿ. ಖಾಲಿ ಎಂದರೆ, ಅದರ ಮೇಲೆ ಒಡಕು ಡಬ್ಬಿ, ಕೆಟ್ಟ ಫ್ಯಾನು, ಹಳೆಯ ಹಗ್ಗಗಳ ಗುಡ್ಡೆ. ಮನುಷ್ಯ ಮಾತ್ರ ಇಲ್ಲ. ಅದನ್ನು ತನಗೆ ಕೊಡಿ ಎಂದು ಟೈಲರ್ ಒಮ್ಮೆ ಕೇಳಿದ್ದ. "ಬೆಂಚು ಕೇಳಿ ಪಡೆಯೋದಲ್ಲ ಕಣೋ," ಎಂದಿದ್ದರು ಭಾವ. ಮತ್ತೆ ಕೇಳಿರಲಿಲ್ಲ. ಆದರೆ ಗುಡಿಸುವಾಗಲೆಲ್ಲ ಅದರ ಕಾಲಿನ ಧೂಳನ್ನು ಇನ್ನೊಂದು ಸಲ ಒರೆಸುತ್ತಿದ್ದ.

ಈಗ ಅವನು ಎದ್ದು ಬಂದು, ನೀರು ಚೆಲ್ಲಿದ ಬಕೆಟ್ಟಿನೊಳಗೆ ತಲೆ ಹಾಕಿದ. ಹೊರಗಿನಿಂದ ಹಲಗೆಗಳ ನಡುವೆ ಕೂದಲು ತೂರುವಷ್ಟೂ ಜಾಗವಿರಲಿಲ್ಲ. ಒಳಗಿನಿಂದ ಮಾತ್ರ ಪ್ರತಿ ಸಂದಿನಲ್ಲೂ ಉಗುರು ಇಳಿಯುತ್ತಿತ್ತು. ಮುನಿಸಿಕೊಂಡ ಓರಗಿತ್ತಿಯರು ನೆಂಟರ ಮುಂದೆ ಭುಜಕ್ಕೆ ಭುಜ ತಾಗಿಸಿ ಕೂತ ಹಾಗೆ, ಹಲಗೆಗಳು ಹೊರಗಡೆ ಮಾತ್ರ ಒಂದಾಗಿದ್ದವು.

"ಭಾವ, ಅಂಚಿಗೆ ಓರೆ ಜಾಸ್ತಿ ಕೊಟ್ಟಿದೀರಿ."

"ಏನಂದೆ?"

"ಅಂಚನ್ನ ಒಳಮೈ ಕಡೆ ಓರೆಯಾಗಿ ಹೆರೀತೀರಲ್ಲ, ಅದು ಜಾಸ್ತಿ ಆಗಿದೆ. ಅದಕ್ಕೇ ಒಳಗೆ ಬಾಯಿ ಬಿಟ್ಟಿದೆ."

"ನಲವತ್ತು ವರ್ಷದಿಂದ ಇದೇ ಓರೆ. ಒಂದು ಹನಿ ಸೋರಿಲ್ಲ," ಎಂದು ಭಾವ ಗೋಡೆಯ ಮೊಳೆಯಿಂದ ಒಂದು ಮರದ ತುಂಡನ್ನು ತೆಗೆದು ಅವನ ಮೂಗಿನ ಮುಂದೆ ಹಿಡಿದರು. ಅಂಗೈಯಷ್ಟು ದೊಡ್ಡದು, ಎಣ್ಣೆ ಕುಡಿದು ಕಪ್ಪಾಗಿತ್ತು. ಮನೆಯಲ್ಲಿ ಅದನ್ನು ಅಜ್ಜನ ಅಚ್ಚು ಎನ್ನುತ್ತಿದ್ದರು. ಅದಕ್ಕೆ ಒಂದು ಮೈ, ಒಂದು ಕಾಲು. ಮೈಯನ್ನು ಹಲಗೆಯ ಬೆನ್ನಿಗೆ, ಅಂದರೆ ಹೊರಮೈಗೆ, ಒತ್ತಿ ಹಿಡಿದರೆ ಕಾಲು ಅಂಚಿನ ಪಕ್ಕಕ್ಕೆ ಇಳಿಯುತ್ತದೆ. ಕಾಲಿಗೂ ಅಂಚಿಗೂ ನಡುವೆ ಬೆಳಕು ಕಾಣದಂತೆ ಅಂಚನ್ನು ಹೆರೆಯಬೇಕು. ಭಾವನ ಅಜ್ಜ ಹಾಗೆ ಮಾಡಿದ, ಅಪ್ಪ ಮಾಡಿದ, ಭಾವನೂ ಮಾಡಿದರು. ಮಾಡಿದ್ದು ಮಾತ್ರ ಮೂವರೂ ಒಂದೇ ಅಳತೆಯ ಬಕೆಟ್ಟು. ಅದಕ್ಕಿಂತ ದೊಡ್ಡದನ್ನು ಕೇಳಿದವಳು ಬಣ್ಣದಮ್ಮನೇ ಮೊದಲು.

"ತಪ್ಪು ಅಚ್ಚಿಂದೇ ಇರಬೇಕು," ಎಂದರು ಭಾವ ಸ್ವಲ್ಪ ತಣ್ಣಗಾಗಿ. "ಮೂರು ತಲೆಮಾರು ಉಜ್ಜಿ ಉಜ್ಜಿ ಮೈ ಹಳ್ಳ ಬಿದ್ದಿದೆ ನೋಡು. ಇದನ್ನ ನೆಟ್ಟಗೆ ಹೆರೆದುಬಿಡ್ತೀನಿ."

ಉಳಿ ಕೈಗೆ ಬಂದಿತ್ತು. ಟೈಲರ್ ಅಡ್ಡ ಕೈ ಹಾಕಿದ.

"ಒಂದು ನಿಮಿಷ, ಕೊಡಿ ಇಲ್ಲಿ."

ಅವನು ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದ. ಹೆಬ್ಬೆರಳನ್ನು ಆ ಹಳ್ಳದುದ್ದಕ್ಕೂ ಮೆಲ್ಲಗೆ ಎಳೆದ. ಸವೆದ ಬಟ್ಟೆಯನ್ನು ಅವನಷ್ಟು ನೋಡಿದವರು ಕಡಿಮೆ. ಮೊಣಕೈ, ಮಂಡಿ, ಜೇಬಿನ ಬಾಯಿ, ಯಾವುದೂ ಸಮವಾಗಿ ಸವೆಯುವುದಿಲ್ಲ. ಒತ್ತಡ ಬೀಳುವ ಕಡೆ ಹೆಚ್ಚು, ಪಕ್ಕದಲ್ಲಿ ಕಡಿಮೆ. ಇಲ್ಲಿ ಹಾಗಿರಲಿಲ್ಲ. ಈ ಕೊನೆಯಿಂದ ಆ ಕೊನೆಯವರೆಗೆ ಒಂದೇ ಬಾಗು, ಅಂಗಿಯ ಕುತ್ತಿಗೆಗೆ ಕತ್ತರಿ ಆಡಿಸಿದ ಹಾಗೆ.

"ಭಾವ, ಇದು ಸವೆದಿದ್ದಲ್ಲ. ಕತ್ತರಿಸಿದ್ದು."

"ನಿಂಗೆ ಎಲ್ಲಾ ಕತ್ತರಿಸಿದ ಹಾಗೇ ಕಾಣುತ್ತೆ ಬಿಡು."

ಟೈಲರ್ ಜಗಳಕ್ಕೆ ನಿಲ್ಲಲಿಲ್ಲ. ಮಾರಾಟಕ್ಕಿಟ್ಟಿದ್ದ ಸಣ್ಣ ಬಕೆಟ್ಟೊಂದನ್ನು ಎಳೆದುಕೊಂಡು ಅಚ್ಚಿನ ಬಾಗನ್ನು ಅದರ ಬಾಯಿಯ ಹತ್ತಿರ ಹೊರಮೈಗೆ ಹಿಡಿದ. ತುದಿಗಳು ತಾಗಿದವು, ನಡುವೆ ಬೆಳಕು ಕಂಡಿತು. ತಳದ ಹತ್ತಿರ ಹಿಡಿದ. ನಡು ತಾಗಿತು, ತುದಿಗಳು ಆಡಿದವು. ಬಕೆಟ್ಟಿನ ಸರಿ ಅರ್ಧಕ್ಕೆ ತಂದು ಹಿಡಿದ. ಅಳತೆ ಕೊಟ್ಟು ಹೊಲಿಸಿದ ಕಾಲರಿನಂತೆ ಅದು ಅಲ್ಲಿ ಕೂತುಬಿಟ್ಟಿತು. ಗಾಳಿಗೂ ಎಡೆಯಿಲ್ಲ.

ಭಾವ ಬಗ್ಗಿ ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. ಉಳಿಯನ್ನು ಮೆಲ್ಲಗೆ ಕೆಳಗಿಟ್ಟರು.

"ನಾನು ಇದನ್ನ ಹೆರೆದುಬಿಡ್ತಿದ್ದೆನಲ್ಲೋ," ಎಂದರು. ಕನ್ನಡಕ ತೆಗೆದು ಮಡಿಸುತ್ತಾ ಹೇಳಿದರು, "ಸರಿ. ಅಜ್ಜ ಸಣ್ಣದಕ್ಕೆ ಕತ್ತರಿಸಿಟ್ಟ. ದೊಡ್ಡದಕ್ಕೆ ನೀನು ಕತ್ತರಿಸು. ನೀರು ನಿಂತ್ರೆ ಆ ಕಿಟಕಿ ಬೆಂಚು ನಿಂದು. ನಿಲ್ಲದಿದ್ರೆ ಹಿಡಿಕೆ ಉಜ್ಜು, ಬೆಂಚಿನ ಮಾತು ಎತ್ತಬೇಡ."

"ಆಯ್ತು," ಎಂದ ಟೈಲರ್.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ, "ಇಬ್ಬರೂ ಊಟ ಮಾಡಿ ಪಂದ್ಯ ಕಟ್ಟಿ. ಸಾರು ಆರಿ ಹೋಗ್ತಿದೆ," ಎಂದಳು.

ಊಟವಾದ ಮೇಲೆ ಅವನು ಕಾರ್ಖಾನೆಯ ನೆಲ ಗುಡಿಸಿ, ನಡುವೆ ಒಂದು ಮೊಳೆ ಹೊಡೆದ. ದೊಡ್ಡ ಬಕೆಟ್ಟಿನ ಬಾಯಿಯನ್ನೂ ತಳವನ್ನೂ ಟೇಪಿನಿಂದ ಅಳೆದು ಎರಡರ ನಡುವಿನ ಅಳತೆ ತೆಗೆದ. ಅಗಲ ಹೆಚ್ಚುತ್ತಾ ಹೋಗುವ ಲಂಗಗಳನ್ನು ಅವನು ಲೆಕ್ಕವಿಲ್ಲದಷ್ಟು ಹೊಲಿದಿದ್ದ. ಇದೂ ಲಂಗವೇ, ತಲೆಕೆಳಗಾಗಿ ನಿಂತಿದೆ ಅಷ್ಟೇ. ಮೊಳೆಗೆ ದಾರ ಕಟ್ಟಿ, ಇನ್ನೊಂದು ತುದಿಗೆ ಸೀಮೆಸುಣ್ಣ ಹಿಡಿದು ನೆಲದ ಮೇಲೆ ವೃತ್ತ ಎಳೆದ. ದಾರ ಜಾರದಂತೆ ಅಕ್ಕ ಮೊಳೆಯ ಮೇಲೆ ಬೆರಳಿಟ್ಟು ಕೂತಳು.

"ಇದ್ಯಾಕೋ, ಈ ಗೆರೆಗಳು?" ಎಂದು ಕೇಳಿದಳು, ಅವನು ವೃತ್ತದಿಂದ ಮೊಳೆಗೆ ನೇರ ಗೆರೆಗಳನ್ನು ಎಳೆಯುವಾಗ.

"ಹಲಗೆ ಅಂಚುಗಳು ಕಣಕ್ಕಾ. ಪ್ರತಿಯೊಂದೂ ಈ ಮೊಳೆ ಕಡೆ ನೋಡಬೇಕು. ಬಕೆಟ್ಟು ದೊಡ್ಡದಾದಷ್ಟೂ ಮೊಳೆ ದೂರ ಹೋಗುತ್ತೆ, ಓರೆ ಕಡಿಮೆಯಾಗುತ್ತೆ. ಅಜ್ಜನ ಅಚ್ಚು ನೋಡೋದು ಸಣ್ಣ ಬಕೆಟ್ಟಿನ ನಡುವಿಗೆ. ಅದನ್ನೇ ಇಲ್ಲಿ ಹಿಡಿದ್ರೆ ಎಲ್ಲಾ ಹಲಗೆಗಳೂ ಹತ್ತಿರದಲ್ಲೇ ಏನನ್ನೋ ಹುಡುಕ್ತಾ ಕೂತುಬಿಡ್ತವೆ."

"ಹಲಗೆಗಳ ಅಗಲ ಒಂದೇ ಸಮ ಇಲ್ವಲ್ಲ," ಎಂದರು ಭಾವ ಬೆಂಚಿನಿಂದಲೇ. ಕೇಳಿಸಿಕೊಳ್ಳುತ್ತಿಲ್ಲ ಎಂಬಂತೆ ಬೆನ್ನು ತಿರುಗಿಸಿ ಕೂತಿದ್ದರು. "ಒಂದು ನಾಲ್ಕು ಬೆರಳು, ಇನ್ನೊಂದು ಎರಡು. ನಿನ್ನ ಲಂಗದ ಲೆಕ್ಕಕ್ಕೆ ಮರ ಕುಯ್ಯೋಕೆ ನಾನು ಬಿಡಲ್ಲ."

ಇದು ಟೈಲರ್‌ಗೂ ಹೊಳೆದಿದ್ದ ಪ್ರಶ್ನೆಯೇ. ಅಗಲದ ತುಂಡೊಂದನ್ನೂ ಸಣ್ಣ ತುಂಡೊಂದನ್ನೂ ವೃತ್ತದ ಗೆರೆಯ ಮೇಲಿಟ್ಟು ಬಹಳ ಹೊತ್ತು ನೋಡಿದ. ಆಮೇಲೆ ನಕ್ಕ.

"ಎಷ್ಟು ಅಗಲ ಇದ್ರೇನು ಭಾವ? ಬೆನ್ನನ್ನ ಮೊದಲೇ ಬಾಗಿಗೆ ಸರಿಯಾಗಿ ಹೆರೆದಿರ್ತೀವಿ. ಅಚ್ಚು ಆ ಬಾಗಿನ ಮೇಲೆ ಎಲ್ಲಿ ಕೂತ್ರೂ ಅದರ ಕಾಲು ಮೊಳೇನೇ ನೋಡುತ್ತೆ. ಅಜ್ಜ ಬಾಗು ಕತ್ತರಿಸಿದ್ದೇ ಅದಕ್ಕೆ."

ಭಾವ ಎದ್ದು ಬಂದು, ಗಟ್ಟಿಮರದ ಒಳ್ಳೆಯ ತುಂಡೊಂದನ್ನು ಹುಡುಕಿ ವೃತ್ತದ ಪಕ್ಕದಲ್ಲಿಟ್ಟು ಹೋದರು.

ಅದರಲ್ಲೇ ಹೊಸ ಅಚ್ಚು ತಯಾರಾಯಿತು. ಮರುದಿನದಿಂದ ಟೈಲರ್ ಮಗುಚಿ ನಿಲ್ಲಿಸಿದ ಉದ್ದನೆಯ ಉಜ್ಜುಗೊರಡಿನ ಮುಂದೆ ನಿಂತು ಹಲಗೆಗಳ ಅಂಚನ್ನು ಅದರ ಮೇಲೆ ತಳ್ಳತೊಡಗಿದ. ಮೊದಲ ಹಲಗೆಯನ್ನು ಹಾಳು ಮಾಡಿದ. ಎರಡನೆಯದಕ್ಕೆ ಭಾವ ಬಂದು ಅವನ ಮೊಣಕೈಯನ್ನು ಹಿಡಿದು ಪಕ್ಕೆಗೆ ಒತ್ತಿದರು. "ತೋಳಿಂದ ತಳ್ಳಬೇಡ, ಸೊಂಟದಿಂದ ತಳ್ಳು. ಹೊಲಿಗೆ ಮೆಷಿನ್ನಲ್ಲ ಇದು." ಆಮೇಲೆ ಮರ ಹಣ್ಣಿನ ಸಿಪ್ಪೆ ಸುಲಿದ ಹಾಗೆ ಬಂತು. ಹೆರೆದ, ಅಚ್ಚು ಹಿಡಿದ, ಬೆಳಕಿಗೆ ನೋಡಿದ, ಮತ್ತೆ ಹೆರೆದ. ಎಲ್ಲ ಹಲಗೆಗಳನ್ನು ನಿಲ್ಲಿಸಿ, ತಳ ಕೂರಿಸಿ, ಪಟ್ಟಿ ಏರಿಸಿ ಸುತ್ತಿಗೆಯಿಂದ ಬಡಿದಾಗ ಸದ್ದೇ ಬೇರೆಯಾಗಿತ್ತು. ಮೊದಲಿನದು ಕಟಕಟ ಎನ್ನುತ್ತಿತ್ತು. ಇದು ಡೋಲಿನ ಹಾಗೆ ತುಂಬಿದ ಸ್ವರ. ಭಾವ ತಲೆ ಎತ್ತಿ ನೋಡಿ, ಮತ್ತೆ ತಲೆ ಬಗ್ಗಿಸಿದರು.

ಮುಂದಿನ ವಾರ ಬಣ್ಣದಮ್ಮ ಬಂದಾಗ ಹೊಸ ಬಕೆಟ್ಟು ಅಂಗಳದ ಅದೇ ಚಪ್ಪಡಿಯ ಮೇಲಿತ್ತು. ಅಕ್ಕ ಕೊಡ ಕೊಡ ನೀರು ತಂದು ಸುರಿದಳು. ನೀರು ಕಂಠದವರೆಗೆ ಬಂತು, ಅಲುಗಾಡಿತು, ನಿಂತಿತು. ಟೈಲರ್ ಬಕೆಟ್ಟನ್ನು ನೋಡಲಿಲ್ಲ. ಕಲ್ಲನ್ನು ನೋಡುತ್ತಿದ್ದ. ಪಟ್ಟಿಯ ಕೆಳಗೆ ಒಂದು ಹನಿ ಕಾಣಿಸಿಕೊಂಡಿತು. ಅವನು ತಟ್ಟನೆ ಬಗ್ಗಿದ.

"ಅದು ನಾನು ಸುರಿಯುವಾಗ ಚೆಲ್ಲಿದ್ದು ಕಣೋ," ಎಂದು ಅಕ್ಕ ಸೆರಗಿನಿಂದ ಒರೆಸಿದಳು. ಎಲ್ಲರೂ ಆ ಜಾಗವನ್ನೇ ನೋಡಿದರು. ಇನ್ನೊಂದು ಹನಿ ಬರಲಿಲ್ಲ.

ಬಣ್ಣದಮ್ಮ ಅಷ್ಟಕ್ಕೆ ನಂಬುವವಳಲ್ಲ. ಟೀ ತರಿಸಿಕೊಂಡು ಕುಡಿದಳು, ಮಗಳ ಸುದ್ದಿ ಹೇಳಿದಳು, ಅಕ್ಕನ ಸುದ್ದಿ ಕೇಳಿದಳು. ಆಮೇಲೆ ಕುಕ್ಕರಗಾಲಲ್ಲಿ ಕೂತು ತನ್ನ ನೀಲಿ ಅಂಗೈಯನ್ನು ಬಕೆಟ್ಟಿನ ಬುಡದ ಸುತ್ತ ಒಂದು ಸುತ್ತು ಆಡಿಸಿ, ಆ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು. ಒಣಗಿತ್ತು.

"ಇಂಥದ್ದೇ ಇನ್ನೂ ಮೂರು ಬೇಕು," ಎಂದಳು. "ಯಾರು ಮಾಡಿದ್ದು ಇದನ್ನ?"

ಟೈಲರ್ ಕೊರಳಿನ ಟೇಪನ್ನು ಸರಿಮಾಡಿಕೊಂಡ. ಭಾವ ಗಂಟಲು ಸರಿಮಾಡಿಕೊಂಡರು.

"ನಮ್ಮ ಭಾಮೈದ ಹೊಲಿದಿದ್ದು," ಎಂದರು.

ಮೊದಲು ನಕ್ಕವಳು ಬಣ್ಣದಮ್ಮ. ಆಮೇಲೆ ಅಕ್ಕ ನಕ್ಕಳು, ಕಣ್ಣು ಒರೆಸಿಕೊಳ್ಳುವಷ್ಟು. ಕೊನೆಗೆ ಭಾವನೂ ಜೋರಾಗಿ ನಕ್ಕುಬಿಟ್ಟರು. ತುಂಬಿದ ಬಕೆಟ್ಟಿನಲ್ಲಿ ಸಣ್ಣಗೆ ಅಲೆ ಎದ್ದು ಮತ್ತೆ ಸಮವಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ಟೈಲರ್ ಹೊಟ್ಟು ಗುಡಿಸಲೆಂದು ಪೊರಕೆ ಹಿಡಿದು ಒಳಗೆ ಬಂದ. ಕಿಟಕಿ ಬೆಂಚಿನ ಮೇಲಿದ್ದ ಡಬ್ಬಿಗಳೂ ಫ್ಯಾನೂ ಹಗ್ಗಗಳೂ ನೆಲಕ್ಕಿಳಿದಿದ್ದವು. ಭಾವ ಬಾಯಲ್ಲಿ ಒಂದು ಮೊಳೆ ಕಚ್ಚಿಕೊಂಡು, ಕೈಯಲ್ಲಿ ಸುತ್ತಿಗೆ ಹಿಡಿದು ಆ ಬೆಂಚಿನ ಪಕ್ಕದ ಗೋಡೆಯ ಮುಂದೆ ನಿಂತಿದ್ದರು.

"ಪೊರಕೆ ಬಿಡು. ಕೈ ಎತ್ತು ನೋಡೋಣ," ಎಂದರು.

ಟೈಲರ್ ಕೈ ಎತ್ತಿದ. ಅವನು ಭಾವನಿಗಿಂತ ಗಿಡ್ಡ. ಭಾವ ಅವನ ಬೆರಳ ತುದಿ ಎಲ್ಲಿಗೆ ಬಂತು ಎಂದು ನೋಡಿ, ಅದಕ್ಕಿಂತ ಒಂದು ಗೇಣು ಕೆಳಗೆ ಮೊಳೆ ಬಡಿದು, ತಮ್ಮ ಬೆಂಚಿಗೆ ಹೋಗಿ ಕೂತರು.

ಟೈಲರ್ ಕೊರಳಿನ ಟೇಪನ್ನು ತೆಗೆದು ಆ ಮೊಳೆಗೆ ನೇತುಹಾಕಿದ. ಕಿಟಕಿಯ ಗಾಳಿಗೆ ಅದು ಒಂದೆರಡು ಸಲ ತೂಗಿ, ಗೋಡೆಗೆ ಒರಗಿ ನಿಂತಿತು.