ಚಿಗರಿಯ ಮೈಗೆ ಹಚ್ಚಿದ್ದೇನು?

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅವತ್ತು "ನಾಯಿಗೆ ಹುಚ್ಚು ಹಿಡದೈತಿ, ಬರ್ರೋ" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದವಳು ನಾನೇ. ನನ್ನ ಹೆಸರು ಜಯಮಾಲಾ. ನಾಲತವಾಡದ ಹತ್ತಿರದ ಒಂದು ಹಳ್ಳಿಯಲ್ಲಿ ಮಹಿಳಾ ಸಂಘದ ಕಾರ್ಯದರ್ಶಿ. ಸಭೆಯಲ್ಲಿ ಕೂತು ಹತ್ತು ಮಂದಿಗೆ ಬುದ್ಧಿ ಹೇಳುವವಳು. ಅವತ್ತು ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ ಗೊತ್ತಿಲ್ಲ.

ಚಿಗರಿ ಎಂದರೆ ನಮ್ಮ ಬಾಜೂ ಮನೆಯ ಸುನಂದಾಳ ನಾಯಿ. ಮೂರು ವರ್ಷದ ಹಿಂದೆ ತವರುಮನೆ ಮನಗೂಳಿಯಿಂದ ಬರುವಾಗ ಸೆರಗಿನಲ್ಲಿ ಸುತ್ತಿಕೊಂಡು ತಂದ ಮರಿ. ಸಣ್ಣ ನಡ, ಉದ್ದ ಕಾಲು, ಓಡಲು ನಿಂತರೆ ಹೆಸರಿಗೆ ತಕ್ಕ ಜಿಂಕೆಯೇ, ಕಣ್ಣಿಗೆ ಸಿಗುವುದಿಲ್ಲ. ಸುನಂದಾಳ ಗಂಡ ಶ್ರೀಶೈಲನಿಗೆ ಆಲಮಟ್ಟಿಯಲ್ಲಿ ಕಾಲುವೆ ಕೆಲಸ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಉಳಿದ ದಿನ ಮನೆಯಲ್ಲಿ ಸುನಂದಾ, ಅವಳ ಮಾವ ಪರಪ್ಪ ಕಾಕಾ, ಆರು ಆಡು ಮತ್ತು ಚಿಗರಿ. ಹೊಲಕ್ಕೆ ಹೋದರೂ ಜೊತೆಗೆ, ನೀರಿಗೆ ಹೋದರೂ ಜೊತೆಗೆ. ಸುನಂದಾಳಿಗೆ ಅದು ಬರೀ ನಾಯಿಯಲ್ಲ, ತವರಿನಿಂದ ಬಂದ ತಂಗಿ.

ಈ ಸಲ ಮಳೆ ನಿಂತ ಮೇಲೆ ಉಣ್ಣಿ ಬಿದ್ದವು. ನಿಮ್ಮೂರಲ್ಲೂ ಬಿದ್ದಿರುತ್ತವೆ. ಚಿಗರಿಯ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ, ಎಲ್ಲೆಲ್ಲೂ ತೊಗರಿಕಾಳಿನಷ್ಟು ದಪ್ಪ ದಪ್ಪ ಉಣ್ಣಿ. ಪಾಪ, ರಾತ್ರಿಯೆಲ್ಲ ಕೆರೆದುಕೊಳ್ಳುತ್ತಿತ್ತು.

ಅದೇ ಸಮಯಕ್ಕೆ ಪ್ರಿಯದರ್ಶಿನಿ ನಮ್ಮ ಮನೆಯಲ್ಲಿ ನಡೆದ ಸಂಘದ ಸಭೆಗೆ ಬಂದಿದ್ದಳು. ಕಾಗದದ ಮೇಲೆ ಅವಳ ಹುದ್ದೆ ಪಶುವೈದ್ಯಕೀಯ ಪರೀಕ್ಷಕಿ. ಅಷ್ಟುದ್ದ ನಮ್ಮ ಬಾಯಿಗೆ ಬರುವುದಿಲ್ಲ, ಊರವರೆಲ್ಲ 'ದನದ ಸಿಸ್ಟರ್' ಎನ್ನುತ್ತೇವೆ. ಮನುಷ್ಯರ ದವಾಖಾನೆಯಲ್ಲಿ ಡಾಕ್ಟರ ಜೊತೆ ಸಿಸ್ಟರ್ ಇದ್ದಂತೆ, ದನದ ದವಾಖಾನೆಯಲ್ಲಿ ಇವಳು. ಲಸಿಕೆ ಹಾಕುತ್ತಾಳೆ, ಗಾಯ ತೊಳೆಯುತ್ತಾಳೆ, ಜ್ವರ ನೋಡುತ್ತಾಳೆ, ಡಾಕ್ಟರು ಹೇಳಿದ ಔಷಧ ಕೊಡುತ್ತಾಳೆ.

ಅವತ್ತು ಅವಳು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಉಣ್ಣಿಗೆ ದವಾಖಾನ್ಯಾಗ ಬ್ಯಾರೆ ಔಷಧ ಐತ್ರಿ. ನಾಯಿ ತೂಕ ನೋಡಿ ಕೊಡ್ತೇವಿ. ಹೊಲಕ್ಕ ಹೊಡಿಯೂ ಔಷಧ ಮಾತ್ರ ಹಚ್ಚಬ್ಯಾಡ್ರಿ. ಅದು ಚರ್ಮದಾಗಿಂದ ಒಳಗ ಇಳೀತೈತಿ. ನೆಕ್ಕಿದ್ರ ಬಾಯಿಗೂ ಹೋಗ್ತೈತಿ."

ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಪರಪ್ಪ ಕಾಕಾ ಅಲ್ಲಿಂದಲೇ ನಕ್ಕರು.

"ಏ ತಂಗಿ, ನಾಯಿ ತೂಕ ಮಾಡ್ತಿಯೇನು? ಸಂತ್ಯಾಗ ಮಾರಾಕ ಒಯ್ತಿ ಏನು? ನೀ ಹುಟ್ಟೂಕಿಂತ ಮೊದ್ಲಿಂದ ದನಾ ಸಾಕೇನಿ ನಾ."

ಎಲ್ಲರೂ ನಕ್ಕರು. ಸುಳ್ಳು ಯಾಕೆ, ನಾನೂ ನಕ್ಕೆ. ಪ್ರಿಯದರ್ಶಿನಿ ಮಾತ್ರ ಬೇಸರ ಮಾಡಿಕೊಳ್ಳದೆ ತನ್ನ ಫೋನ್ ನಂಬರನ್ನು ಬಾಗಿಲ ಹಿಂದೆ ಸುಣ್ಣದಿಂದ ಬರೆದು ಹೋದಳು.

ಹದಿನೈದು ದಿನ ಕಳೆಯಿತು. ಗುರುವಾರ ಬೆಳಗ್ಗೆ ಹನ್ನೊಂದೂವರೆ ಇರಬೇಕು. ಸುನಂದಾ ಬೆಳಗ್ಗೆಯೇ ಆಡಿಗೆ ಮೇವು ತರಲು ಹೋಗಿದ್ದಳು. ಅವತ್ತು ಚಿಗರಿಯನ್ನು ಕಾಕಾ ಮನೆಯಲ್ಲೇ ಉಳಿಸಿಕೊಂಡಿದ್ದರು. ನಾನು ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದೆ. ಗೋಡೆಯಾಚೆ ಧಪ್ ಎಂದು ಸದ್ದಾಯಿತು. ಎದ್ದು ನೋಡಿದರೆ ಚಿಗರಿ ಬಿದ್ದಿದೆ. ಏಳಲು ನೋಡುತ್ತದೆ, ಹಿಂಗಾಲು ನಿಲ್ಲುವುದಿಲ್ಲ. ಬಾಯಿಂದ ಜೊಲ್ಲು ಒಂದೇ ಸಮನೆ ಸುರಿಯುತ್ತಿದೆ. ಮೈಮೇಲಿನ ಚರ್ಮ ತಾನೇ ತಾನಾಗಿ ಪಟಪಟ ಅದುರುತ್ತಿದೆ.

ಜೊಲ್ಲು ಕಂಡೊಡನೆ ನನ್ನ ತಲೆಗೆ ಬಂದದ್ದು ಒಂದೇ ಮಾತು. ಕೂಗಿಬಿಟ್ಟೆ.

ಎದುರು ಮನೆಯ ಸೋಮನಿಂಗ ಬಡಿಗೆ ಹಿಡಿದು ಬಂದ. ಅವನ ಹಿಂದೆ ಇನ್ನೂ ನಾಲ್ಕು ಜನ. ಅಷ್ಟರಲ್ಲಿ ಸುನಂದಾ ಬಂದಳು. ಮೇವಿನ ಹೊರೆ ದಾರಿಯಲ್ಲೇ ಎಸೆದು ಓಡಿ ಬಂದು ನಾಯಿಯ ಮುಂದೆ ನಿಂತಳು.

"ಸರಿ ತಂಗಿ, ಆ ಕಡಿ ಸರಿ," ಎಂದ ಸೋಮನಿಂಗ. "ಇನ್ನ ಸ್ವಲ್ಪ ಹೊತ್ತಿಗೆ ಊಟಕ್ಕ ಸಾಲಿ ಬಿಡ್ತಾರ. ಹುಡುಗ್ರೆಲ್ಲ ಇದ ದಾರೀಲೆ ಬರ್ತಾವ. ಒಂದಕ್ಕ ಕಡದ್ರ ಯಾರ್ ಹೊಣಿ?"

ಅವನ ಮಾತಲ್ಲಿ ತಪ್ಪಿರಲಿಲ್ಲ. ಅವನ ಮಗಳೂ ಅದೇ ಶಾಲೆಗೆ ಹೋಗುತ್ತಾಳೆ.

"ಸಿಸ್ಟರಿಗೆ ಫೋನ್ ಹಚ್ಚಕ್ಕಾ," ಎಂದಳು ಸುನಂದಾ ನನ್ನ ಕಡೆ ತಿರುಗಿ. "ಅಲ್ಲೀತನಕ ಯಾರೂ ಮುಟ್ಟಬ್ಯಾಡ್ರಿ. ಮೊದಲ ನನ್ನ ಹೊಡೀರಿ."

ಫೋನ್ ಹಚ್ಚಿದೆ. ಪ್ರಿಯದರ್ಶಿನಿ ಬಾಜೂ ಊರಲ್ಲಿ ದನಗಳಿಗೆ ಲಸಿಕೆ ಹಾಕುತ್ತಿದ್ದಳು. ಎಲ್ಲರಿಗೂ ಕೇಳುವಂತೆ ಫೋನನ್ನು ಸ್ಪೀಕರಿಗೆ ಹಾಕಿದೆ.

"ಚಿಗರಿ ಅಲ್ರಿ? ಯುಗಾದಿ ಆದಮ್ಯಾಲ ನಾನ ಅದಕ್ಕ ಹುಚ್ಚುನಾಯಿ ರೋಗದ ಲಸಿಕಿ ಹಾಕೇನಿ."

"ಹಂಗಾರ ಇದು ಹುಚ್ಚಲ್ಲೇನ್ರಿ?" ಎಂದೆ ನಾನು.

"ಫೋನಿನ್ಯಾಗ ಹೆಂಗ್ ಹೇಳ್ಲಿ ಅಕ್ಕಾರ? ಜೊಲ್ಲು ಬಂದದ್ದೆಲ್ಲ ಹುಚ್ಚಲ್ಲ. ಆದ್ರ ನಾ ನೋಡೂತನಕ ಯಾರೂ ಅದರ ಬಾಯಿ ಹತ್ರ ಹೋಗಬ್ಯಾಡ್ರಿ. ಇಂವತ್ತು ಏನರ ತಿಂದೈತೇನು? ಮೈಗೆ ಏನರ ಹಚ್ಚೀರೇನು?"

ಸುನಂದಾ ತಲೆ ಅಲ್ಲಾಡಿಸಿದಳು. ಬೆಳಗಿನಿಂದ ಅವಳು ಮನೆಯಲ್ಲೇ ಇರಲಿಲ್ಲ. ಎಲ್ಲರೂ ಪರಪ್ಪ ಕಾಕಾನ ಕಡೆ ನೋಡಿದೆವು. ಅವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ಏನಿಲ್ಲ," ಎಂದರು. "ಬರೇ ನೀರ್ಲೆ ಮೈ ತೊಳದೇನಿ."

"ಖರೇ ಏನ್ರಿ ಕಾಕಾರ?" ಎಂದು ಫೋನಿನಿಂದಲೇ ಕೇಳಿದಳು ಪ್ರಿಯದರ್ಶಿನಿ.

"ಖರೇನ. ಎಷ್ಟು ಸಲ ಹೇಳೂದು?"

"ಸರಿ. ನೆರಳಾಗ ಇರ್ಲಿ. ಬಾಯಾಗ ಏನೂ ಹಾಕಬ್ಯಾಡ್ರಿ, ನೀರ ಸೈತ. ಹದಿನೈದು ಮಿನಿಟಿನ್ಯಾಗ ಬಂದೆ."

ಆ ಹದಿನೈದು ನಿಮಿಷ ನಾನು ಸಾಯುವವರೆಗೂ ಮರೆಯುವುದಿಲ್ಲ. ಚಿಗರಿ ವಾಂತಿ ಮಾಡಿತು. ಉಸಿರಾಡಿದರೆ ಎದೆಯಲ್ಲಿ ಗೊರಗೊರ ಸದ್ದು. ಯಾರೋ ಕೊಬ್ಬರಿ ಎಣ್ಣೆ ತಂದು, ಬಾಯಿ ತೆರೆದು ಹೊಯ್ಯೋಣ ಎಂದರು. ನಾನು ಬಟ್ಟಲು ಕಸಿದುಕೊಂಡೆ. ಅಷ್ಟಾದರೂ ಮಾಡಿದೆನಲ್ಲ. ಸೋಮನಿಂಗ ಬಡಿಗೆ ಕೆಳಗಿಟ್ಟಿರಲಿಲ್ಲ, ಮತ್ತೆ ಮತ್ತೆ ಶಾಲೆಯ ಕಡೆ ನೋಡುತ್ತಿದ್ದ. ಸುನಂದಾ ಮಾತ್ರ "ಚಿಗರೀ, ಚಿಗರವ್ವಾ" ಎಂದು ಕರೆಯುತ್ತಲೇ ಇದ್ದಳು. ಅದಕ್ಕೆ ಬಾಲ ಅಲ್ಲಾಡಿಸುವಷ್ಟೂ ಶಕ್ತಿ ಇರಲಿಲ್ಲ.

ಸ್ಕೂಟಿ ಬಂತು. ಪ್ರಿಯದರ್ಶಿನಿ ಇಳಿದವಳೇ ಕೈಗೆ ಗವಸು ಹಾಕಿದಳು. ಹಗ್ಗದ ಕುಣಿಕೆಯನ್ನು ದೂರದಿಂದಲೇ ಕುತ್ತಿಗೆಗೆ ಹಾಕಿ, ತುದಿಯನ್ನು ಕಂಬಕ್ಕೆ ಬಿಗಿದಳು. ಆಮೇಲೆ ಹತ್ತಿರ ಹೋಗಿ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದಳು. ಕಣ್ಣಿನ ಕರಿ ಬೊಟ್ಟು ಸಾಸಿವೆಯಷ್ಟು ಸಣ್ಣಗಾಗಿತ್ತು. ಗಡಿಯಾರ ನೋಡುತ್ತ ಎದೆಬಡಿತ ಎಣಿಸಿದಳು. ಒದ್ದೆ ಮೈಯನ್ನು ಮೂಸಿ ನೋಡಿದಳು. ಮುಖ ಗಂಭೀರವಾಯಿತು.

"ಕಾಕಾರ, ಇದು ವಿಷ ಏರಿದಂಗ ಕಾಣ್ತೈತಿ. ಯಾವ್ ವಿಷ ಅಂತ ಗೊತ್ತಾಗಬೇಕು. ಒಂದೊಂದಕ್ಕ ಒಂದೊಂದು ಔಷಧ ಇರ್ತೈತಿ. ಸೂಜಿ ಮಾಡೂಕಿಂತ ಮೊದ್ಲ ನಾ ಡಾಕ್ಟರ್ನ ಕೇಳಬೇಕು. ಅವರು ಏನ್ ಹಚ್ಚ್ಯಾರ ಅಂತ ಕೇಳಿದ್ರ ನಾ ಏನ್ ಹೇಳ್ಲಿ?"

ಕಾಕಾ ನೆಲ ನೋಡುತ್ತ ನಿಂತರು. ಶಾಲೆಯ ಗಂಟೆ ಹೊಡೆಯಿತು.

"ಇನ್ನೇನ್ ಕೇಳ್ತೀರಿ? ಹುಡುಗ್ರು ಬಂದ್ರು," ಎಂದು ಸೋಮನಿಂಗ ಬಡಿಗೆ ಎತ್ತಿದ.

ಸುನಂದಾ ಅವನ ಕಡೆ ನೋಡಲೇ ಇಲ್ಲ. ಮದುವೆಯಾಗಿ ಬಂದಂದಿನಿಂದ ಮಾವನ ಮುಂದೆ ತಲೆ ಎತ್ತಿ ಮಾತಾಡದವಳು, ಅವತ್ತು ನೇರ ಮುಖ ನೋಡಿದಳು. "ಮಾವಾರ, ನಿಮ್ಮ ಕಾಲಿಗೆ ಬೀಳ್ತೇನಿ. ಏನರ ಹಚ್ಚಿದ್ರ ಹೇಳಿಬಿಡ್ರಿ. ನಾ ಏನೂ ಅನ್ನಂಗಿಲ್ಲ. ಅದು ಸಾಯಾಕತ್ತೈತ್ರಿ."

ಪರಪ್ಪ ಕಾಕಾ ಚೌಕಟ್ಟು ಬಿಟ್ಟು ಅಂಗಳಕ್ಕೆ ಇಳಿದು ಬಂದರು.

"ಹಚ್ಚೇನವ್ವಾ," ಎಂದರು. "ತೊಗರಿಗೆ ಹುಳ ಬಿದ್ದಾವಂತ ತಂದಿದ್ನಲ್ಲ, ಅದು. ಒಂದು ಮುಚ್ಚಳ ಬಕೀಟಿಗೆ ಹಾಕಿ ಮೈ ತುಂಬ ತಿಕ್ಕೇನಿ. ಉಣ್ಣಿ ಹೋಗ್ಲಿ ಅಂತ ಮಾಡಿದ್ನಿ. ಅವತ್ತು ಎಲ್ಲಾರ ಮುಂದ ಈ ಹುಡುಗಿಗೆ ನಕ್ಕಿದ್ನಲ್ಲ, ಈಗ ಯಾವ ಮಾರಿ ಇಟಗೊಂಡು ಹೇಳ್ಲಿ ಅಂತ..."

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದು ಅನ್ನಬೇಕೆಂದು ಮುಂದೆ ಹೋದೆ. ಪ್ರಿಯದರ್ಶಿನಿ ಕೈ ಅಡ್ಡ ಹಿಡಿದಳು.

"ಬೈಯಾಕ ನಾಳೆ ಐತ್ರಿ ಅಕ್ಕಾರ. ಕಾಕಾರ, ಬಾಟಲಿ ಎಲ್ಲೈತಿ? ಲಗೂನ ತರ್ರಿ."

ಬಾಟಲಿ ಜೋಳದ ಕಣಿಕೆಯ ರಾಶಿಯ ಹಿಂದಿತ್ತು. ಅದರ ಮೇಲಿನ ಹೆಸರನ್ನು ಅವಳು ಫೋನಿನಲ್ಲಿ ದನದ ದವಾಖಾನೆಯ ಡಾಕ್ಟರ್ ಚೇತನಕುಮಾರರಿಗೆ ಒಂದೊಂದೇ ಅಕ್ಷರ ಓದಿ ಹೇಳಿದಳು. ಕಣ್ಣು ಹೇಗಿದೆ, ಎದೆಬಡಿತ ಎಷ್ಟು, ನಾಯಿ ಎಷ್ಟು ಕಿಲೋ ಇರಬಹುದು ಎಲ್ಲ ಹೇಳಿದಳು. ಅವರು ಹೇಳಿದ್ದನ್ನು ತಿರುಗಿ ಒಪ್ಪಿಸಿ, ಅಷ್ಟೇ ಔಷಧ ಎಳೆದು ಸೂಜಿ ಮಾಡಿದಳು. ನಾಯಿಯ ತೂಕ ಯಾಕೆ ಬೇಕು ಎಂದು ನಮಗೆಲ್ಲ ಆಗ ತಿಳಿಯಿತು.

"ಈಗ ಮೈ ತೊಳೀಬೇಕು. ಬರಿಗೈಲೆ ಬ್ಯಾಡ. ಕೈಗೆ ಪ್ಲಾಸ್ಟಿಕ್ ಚೀಲ ಕಟಗೊಳ್ರಿ. ಸಬಕಾರ, ನೀರು, ಎಷ್ಟ ಇದ್ರೂ ತರ್ರಿ."

ಶಾಲೆಯಿಂದ ಬಂದ ಹುಡುಗರನ್ನು ಉಳಿದವರು ಓಣಿಯ ತುದಿಯಲ್ಲೇ ತಡೆದರು. ಮೊದಲು ನೀರು ತಂದವನು ಸೋಮನಿಂಗ. ಬಡಿಗೆ ಎಲ್ಲಿ ಎಸೆದನೋ, ಎರಡೂ ಕೈಯಲ್ಲಿ ಕೊಡ ಹಿಡಿದು ನಳಕ್ಕೂ ಅಂಗಳಕ್ಕೂ ಓಡಾಡಿದ. ಮೂರು ಸಲ ಸಬಕಾರ ಹಚ್ಚಿ ತೊಳೆದೆವು. ಸುನಂದಾ ಅಳುತ್ತಲೇ ತೊಳೆದಳು.

ಪ್ರಿಯದರ್ಶಿನಿ ಪರಪ್ಪ ಕಾಕಾನನ್ನೂ ಬಿಡಲಿಲ್ಲ. "ನಿಮ್ಮ ಕೈಗೂ ಹತ್ತೇತಿ. ಮೊಳಕೈತನಕ ಸಬಕಾರ ಹಚ್ಚಿ ತೊಳಕೊಳ್ರಿ, ಧೋತರ ಬದಲ ಮಾಡ್ರಿ. ತಲಿ ತಿರಗಾಕತ್ತೇತೇನು? ಮುಚ್ಚಿಡಬ್ಯಾಡ್ರಿ."

"ಸ್ವಲ್ಪ ವಾಂತಿ ಬಂದಂಗ ಆಗೇತಿ," ಎಂದರು ಕಾಕಾ ಸಣ್ಣ ದನಿಯಲ್ಲಿ.

ಬಾಟಲಿಯ ಫೋಟೋ ತೆಗೆದುಕೊಟ್ಟು, ಅವರನ್ನು ಸೋಮನಿಂಗನ ಗಾಡಿಯ ಮೇಲೆ ಮನುಷ್ಯರ ದವಾಖಾನೆಗೆ ಕಳಿಸಿದಳು. ಒಂದು ನಾಯಿಯ ಸಲುವಾಗಿ ಬಂದವಳು ಮನೆಯ ಹಿರಿಯನನ್ನೂ ಕಾಪಾಡಿದಳು.

ಒಂದು ತಾಸಿಗೆ ಡಾಕ್ಟರ್ ಚೇತನಕುಮಾರರೂ ಬಂದು ಇನ್ನೊಂದು ಸೂಜಿ ಮಾಡಿದರು. "ಸಿಸ್ಟರ್ ಮಾಡಿದ್ದಕ್ಕ ಇಲ್ಲೀತನಕ ಉಳದೈತಿ. ಆದ್ರ ಈಗ ಏನೂ ಹೇಳಾಕ ಆಗಂಗಿಲ್ಲ, ನಾಳಿತನಕ ನೋಡಬೇಕು," ಎಂದರು. ಸಂಜೆ ಕಾಕಾ ನೆಟ್ಟಗಾಗಿ ಮನೆಗೆ ಬಂದರು. ಮರುದಿನ ಮಧ್ಯಾಹ್ನ ಚಿಗರಿ ತಾನೇ ತಲೆ ಎತ್ತಿ ನೀರು ಕುಡಿಯಿತು. ಮೂರನೆಯ ದಿನ ಹಾಲಲ್ಲಿ ನೆನೆಸಿದ ರೊಟ್ಟಿ ತಿಂದಿತು. ಸುನಂದಾ ಗೋಡೆಯಾಚೆಯಿಂದ "ಅಕ್ಕಾ, ರೊಟ್ಟಿ ತಿಂತು" ಎಂದು ಕೂಗಿದಾಗ ನನ್ನ ಕಣ್ಣಲ್ಲೂ ನೀರು ಬಂತು.

ಮುಂದಿನ ಸಭೆಗೆ ಪರಪ್ಪ ಕಾಕಾ ಬಂದರು. ಈ ಸಲ ಕಟ್ಟೆಯ ಮೇಲೆ ಕೂರಲಿಲ್ಲ, ಒಳಗೆ ಬಂದು ಎಲ್ಲರ ಮುಂದೆ ನಿಂತರು. "ನಾ ಹಚ್ಚಿದ್ನಿ. ಕೇಳಿದ್ರ ಇಲ್ಲ ಅಂದ್ನಿ. ನಿಮ್ಮ ಮನ್ಯಾಗ ಯಾರೂ ಹಂಗ ಮಾಡಬ್ಯಾಡ್ರಿ," ಎಂದಷ್ಟೇ ಹೇಳಿ ಕೂತರು. ಯಾರೂ ನಗಲಿಲ್ಲ. ಚಿಗರಿ ಪೂರ್ತಿ ಚೇತರಿಸಿಕೊಂಡ ಮೇಲೆ ದವಾಖಾನೆಗೆ ಅವರೇ ಕರೆದೊಯ್ದು, ತಕ್ಕಡಿಯ ಮೇಲೆ ನಿಲ್ಲಿಸಿ, ಉಣ್ಣಿಯ ಔಷಧ ಹಾಕಿಸಿಕೊಂಡು ಬಂದರು. ಆದರೂ ಇವತ್ತಿಗೂ ಅವರು ಬಕೀಟು ಹಿಡಿದರೆ ಸಾಕು, ಚಿಗರಿ ಎದ್ದು ಸುನಂದಾಳ ಹಿಂದೆ ಹೋಗಿ ನಿಲ್ಲುತ್ತದೆ. ಕಾಕಾ ಬಕೀಟು ಕೆಳಗಿಟ್ಟುಬಿಡುತ್ತಾರೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಂದು ಚಿಗರಿ ಇರಬಹುದು. ಹೊಲದ ಔಷಧವನ್ನು ಹೊಲಕ್ಕೇ ಬಿಡಿ, ನಾಯಿ ಬೆಕ್ಕಿನ ಮೈಗೆ ಹಚ್ಚಬೇಡಿ. ನಿಮ್ಮ ಗುಳಿಗೆಯನ್ನೂ ಅವಕ್ಕೆ ಕೊಡಬೇಡಿ. ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ. ನಾಯಿ ಯಾರನ್ನಾದರೂ ಕಚ್ಚಿದರೆ ಗಾಯವನ್ನು ಸಬಕಾರ ಹಚ್ಚಿ ಹದಿನೈದು ನಿಮಿಷ ತೊಳೆದು ಅವತ್ತೇ ದವಾಖಾನೆಗೆ ಹೋಗಿ. ಜೊಲ್ಲು ಕಂಡರೆ ನನ್ನ ಹಾಗೆ ಕೂಗಬೇಡಿ. ದೂರ ನಿಂತು, ನಿಮ್ಮೂರಿನ ಪಶು ಆಸ್ಪತ್ರೆಗೆ ಇಲ್ಲವೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ನಿಮ್ಮೂರಿನ ದನದ ಸಿಸ್ಟರ್ ನಂಬರನ್ನು ಇವತ್ತೇ ಬಾಗಿಲ ಹಿಂದೆ ಬರೆದಿಡಿ.

ಅವರು ಬಂದು "ಏನು ಹಚ್ಚಿದ್ದೀರಿ, ಏನು ತಿನ್ನಿಸಿದ್ದೀರಿ" ಎಂದು ಕೇಳಿದರೆ, ಎಷ್ಟೇ ನಾಚಿಕೆಯಾದರೂ ಇದ್ದದ್ದು ಇದ್ದಂತೆ ಹೇಳಿಬಿಡಿ. ತನ್ನ ಮೈಗೆ ಏನು ಹಚ್ಚಿದರು ಎಂದು ಹೇಳಲು ಚಿಗರಿಗೆ ಬರುತ್ತಿರಲಿಲ್ಲ. ಹೇಳಲು ಬರುತ್ತಿದ್ದವರು ಆ ಅಂಗಳದಲ್ಲಿ ಒಬ್ಬರೇ ಇದ್ದರು. ಅವರು ಹದಿನೈದು ನಿಮಿಷ ಸುಮ್ಮನೆ ನಿಂತಿದ್ದರು.