ಬಾಳೆಗಿಡದ ಹಿಂದಿನ ಅಳಿಯ

ಗಂಡು ಕಾರಿನಲ್ಲಿ ಕೂತು ಹಾಡು ಕೇಳಿದ್ದಕ್ಕೆ ಮದುವೆಯೇ ಮುರಿದುಬೀಳುವುದರಲ್ಲಿತ್ತು ಎಂದರೆ ಯಾರೂ ನಂಬುವುದಿಲ್ಲ. ನಾನು ಅವನ ಚಿಕ್ಕಮ್ಮ, ಪಕ್ಕದಲ್ಲೇ ಇದ್ದೆ.

ಹೆಣ್ಣು ಕೇಳುವ ಶಾಸ್ತ್ರಕ್ಕೆಂದು ಮಸಾಕಾ ರಸ್ತೆ ಬಿಟ್ಟು ಹೆಣ್ಣಿನ ಊರಿನ ಕೆಮ್ಮಣ್ಣು ದಾರಿ ಹಿಡಿದಿದ್ದೆವು. ನಮ್ಮವರ ವ್ಯಾನುಗಳು ಹಣ್ಣಿನ ಬುಟ್ಟಿ, ಹುಂಜ ಎಲ್ಲ ಹೇರಿಕೊಂಡು ಮುಂದೆ ಹೋಗಿದ್ದವು. ಮದುಮಗ ಮುಕಲಾಜಿಗೆ ತನ್ನ ಉದ್ದನೆಯ ಬಿಳಿ ನಿಲುವಂಗಿ, ಕಂಜು, ಸುಕ್ಕಾಗುವ ಭಯ. ದಾರಿಯಲ್ಲೇ ನಿಲ್ಲಿಸಿ ಬಟ್ಟೆ ಬದಲಿಸಿದ. ಧೈರ್ಯ ಬರಲೆಂದು, ಎಂಜಿನ್ ಆರಿಸಿ, ಹಾಡು ಜೋರಾಗಿ ಹಾಕಿಕೊಂಡು ಕೂತ. ಆ ಬ್ಯಾಟರಿಯ ಮೇಲೆ ಬಿಳಿ ಪುಡಿ ಬೆಳೆದು ತಿಂಗಳುಗಳೇ ಆಗಿದ್ದವು, ಒರೆಸೋ ಎಂದರೆ ಕೇಳಿರಲಿಲ್ಲ. ಕೊನೆಗೆ ಕೀ ತಿರುಗಿಸಿದರೆ ‘ಟಿಕ್’ ಎಂದಿತು, ಅಷ್ಟೇ.

ಹೆಣ್ಣಿನ ತಂದೆ ಕಿಯಿಂಗಿಯವರು ನಡುಮಧ್ಯಾಹ್ನಕ್ಕೆ ಗೇಟು ಹಾಕಿದರೆ ಮುಗಿಯಿತು. ದೊಡ್ಡ ಮಗಳ ಗಂಡು ತಡಮಾಡಿದನೆಂದು ಬುಟ್ಟಿ ಸಮೇತ ವಾಪಸ್ಸು ಕಳಿಸಿದ್ದರು. ಅವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಅಷ್ಟರಲ್ಲಿ ಹಸಿರು ಪಿಕಪ್ಪೊಂದು ಬಂತು. ನೋಡಿದರೆ, ಓಡಿಸುತ್ತಿದ್ದವರು ಹೆಣ್ಣಿನ ತಾಯಿ ನಬ್ಬೋಸಾ! ಪೇಟೆಯಿಂದ ಐಸ್ ತರುತ್ತಿದ್ದರು. ಮುಕಲಾಜಿ ಕಂಜು ಎತ್ತಿಕೊಂಡು ಬಾಳೆತೋಟಕ್ಕೆ ಹಾರಿದ. ನಮ್ಮಲ್ಲಿ ಅಳಿಯ ಅತ್ತೆಯ ಹತ್ತಿರ ಸುಳಿಯುವ ಹಾಗಿಲ್ಲ. ಕೈ ತಾಕಿದರಂತೂ ಮುಪ್ಪಿನಲ್ಲಿ ಮೈ ನಡುಗುವ ಕಾಯಿಲೆ ಖಂಡಿತ.

“ಏನ್ರೀ ಬೀಗ್ತಿ, ದಾರೀಲೇ ಬಿಡಾರ ಹೂಡಿದೀರಲ್ಲ?”

“ಬ್ಯಾಟರಿ ಸತ್ತೋಗಿದೆ ಕಣ್ರೀ. ಆಟೊಮ್ಯಾಟಿಕ್ ಗಾಡಿ, ತಳ್ಳೋ ಹಾಗೂ ಇಲ್ಲ.”

ಆಕೆ ಪಿಕಪ್ ತಿರುಗಿಸಿ ನಮ್ಮ ಕಾರಿನ ಮೂತಿಗೆ ಮೂತಿ ತಂದು ನಿಲ್ಲಿಸಿ, ಕಿಟಕಿಯಿಂದ ಬ್ಯಾಟರಿ ಜೋಡಿಸುವ ತಂತಿ ಎಸೆದರು. “ನಾನು ಇಳಿಯೋ ಹಾಗಿಲ್ಲ. ನೀವೇ ಸಿಕ್ಕಿಸಿ.”

ಎರಡೂ ಬಾನೆಟ್ ಎತ್ತಿ, ಏನೂ ತಿಳಿಯದೆ ನಿಂತೆ.

“ಚಿಕ್ಕಮ್ಮಾ, ಕೆಂಪು ತಂತಿ ಎರಡೂ ಕಡೆ ಪ್ಲಸ್ಸಿಗೆ!” ಎಂದಿತು ಬಾಳೆಗಿಡ.

“ಯಾರ್ದದು ದನಿ?” ಎಂದರು ನಬ್ಬೋಸಾ.

“ಮೇಕೆ ಕಣ್ರೀ.”

“ಭಾರಿ ಓದಿದ ಮೇಕೆ. ಬ್ಯಾಟರಿ ಒರೆಸೋದು ಮಾತ್ರ ಗೊತ್ತಿಲ್ಲ.” ಕಿಟಕಿಯಿಂದ ಕತ್ತು ಚಾಚಿ ಬಿಳಿ ಪುಡಿ ನೋಡಿದ್ದ ಆಕೆ ಫ್ಲಾಸ್ಕು, ಬಟ್ಟೆಚೂರು ಕೊಟ್ಟರು. “ಬಿಸಿನೀರು ಹಾಕಿ ತಿಕ್ಕಿ ಮೊದ್ಲು.”

ಹೊಸ ಉಡುಪು ಹಾಳಾದರೆ ಆಗಲಿ ಎಂದು ತಿಕ್ಕಿದೆ, ಕೆಂಪು ತಂತಿ ಕಚ್ಚಿಸಿದೆ.

“ಕಪ್ಪು ತಂತಿ ನನ್ನ ಬ್ಯಾಟರಿ ಮೈನಸ್ಸಿಗೆ ಹಾಕಿ. ಇನ್ನೊಂದು ತುದಿ ನಿಮ್ಮ ಬ್ಯಾಟರಿಗೆ ಬೇಡ, ಕಿಡಿ ಹಾರುತ್ತೆ. ಎಂಜಿನ್ನಿನ ಬಣ್ಣ ಇಲ್ಲದ ಲೋಹಕ್ಕೆ ಕಚ್ಚಿಸಿ.”

ಪಿಕಪ್ಪಿನ ಎಂಜಿನ್ ಸ್ವಲ್ಪ ಹೊತ್ತು ಓಡಿತು. ದೇವರನ್ನು ನೆನೆದು ಕೀ ತಿರುಗಿಸಿದೆ. ಕಾರು ಕೆಮ್ಮಿತು, ಮತ್ತೆ ಕೆಮ್ಮಿತು, ಗುರ್ರೆಂದಿತು. ಹೋದ ಜೀವ ಬಂದಂತಾಯಿತು.

“ಎಂಜಿನ್ ಆರಿಸ್ಬೇಡಿ. ಇನ್ಮೇಲೆ ತಿಂಗಳಿಗೊಂದ್ಸಲ ಒರೆಸಿ ಗ್ರೀಸ್ ಹಚ್ಚು ಅಂತ ಆ ಮೇಕೆಗೆ ಹೇಳಿ,” ಎಂದು ತಂತಿ ಇಸಿದುಕೊಂಡು ಆಕೆ ಮುಂದೆ ಹೋದರು.

ನಾವು ತಲುಪಿದಾಗ ಹೊತ್ತು ನೆತ್ತಿ ದಾಟಿತ್ತು. ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಆದರೆ ಗೇಟು ತೆರೆದೇ ಇತ್ತು, ನಮ್ಮವರು ಹೊರಗೆ ನಮಗಾಗಿ ಕಾಯುತ್ತಿದ್ದರು. ಕಿಯಿಂಗಿ ಅದರ ಮೇಲೆ ಕೈಯಿಟ್ಟು ದಾರಿ ನೋಡುತ್ತ ನಿಂತಿದ್ದರು. ನಾನು ಮೊಣಕಾಲೂರಿ ವಂದಿಸಿದರೂ ನನ್ನ ಕಡೆ ನೋಡಲಿಲ್ಲ.

“ಹೋಗಿ, ಹೋಗಿ ಒಳಗೆ! ಇವಳೆಲ್ಲಿ ಹಾಳಾಗಿ ಹೋದ್ಲು? ಮನೆಯೊಡತೀನೇ ಬರ್ದೆ ಗೇಟು ಹೆಂಗೆ ಹಾಕ್ಲಿ?”

ನಾನು ಕಕ್ಕಾಬಿಕ್ಕಿಯಾದೆ. ಆಕೆ ನಮಗಿಂತ ಮುಂಚೆ ಹೊರಟಿದ್ದರಲ್ಲ! ದಾರಿಯಲ್ಲೆಲ್ಲೂ ಕಾಣಲೂ ಇಲ್ಲ.

ನಮ್ಮ ಕೊನೆಯವನು ಒಳಗೆ ಕಾಲಿಟ್ಟ ಮೇಲೆ ಹಸಿರು ಪಿಕಪ್ ತಿರುವಿನಲ್ಲಿ ನಿಧಾನವಾಗಿ ಕಾಣಿಸಿಕೊಂಡಿತು. ಹಿಂದಿನಿಂದ ಐಸಿನ ನೀರು ಧಾರೆಯಾಗಿ ಸುರಿಯುತ್ತಿತ್ತು.

“ಏನ್ ಮಾಡ್ಲಿ ರೀ, ದಾರೀಲಿ ನನ್ನ ಬ್ಯಾಟರಿ ಸತ್ತೋಯ್ತು,” ಎಂದರು ನಬ್ಬೋಸಾ.

ಗಂಡ ನೆಂಟರೆದುರೇ ಬಾಯಿಗೆ ಬಂದಂತೆ ಬೈದರು. ಆಕೆ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಆಮೇಲೆ ಗೇಟು ಹಾಕಿದರು. ಮುಕಲಾಜಿ ಒಳಗಿದ್ದ.