ಆರನೇ ನಂಬರಿನ ಬುಟ್ಟಿ

ಇನ್ನೂ ಬಿಸಿ ಇದೆ ಈ ಶೂ, ಬುಟ್ಟಿಯ ಅಂಚು ಹಿಡಿದ ಹೆಬ್ಬೆರಳಿಗೆ ತಾಗುತ್ತಿದೆ, ಈಗಷ್ಟೇ ಎದ್ದು ಹೋದವರ ಹಾಸಿಗೆಯ ಹಾಗೆ — ಸುಲೆಮಾ ನಡೆಯುತ್ತಾಳೆ, ಮುಂದೆ ಐದು ಬುಟ್ಟಿ, ಹಿಂದೆ ಎರಡು, ಸಾಲು ತಪ್ಪಬಾರದು, ಓಡಬಾರದು, ಒಳಗೆ ಕೈ ಹಾಕಬಾರದು, ನೆಲಿದಾ ಮೇಡಂ ಮೊದಲ ದಿನವೇ ಹೇಳಿದ್ದರು, ಮೂವತ್ತು ವರ್ಷ ಶಾಲೆಯ ಮಕ್ಕಳಿಗೆ ಕವಾಯತು ಮಾಡಿಸಿದ ದನಿ, ನೋಡ್ರಮ್ಮಾ, ಓಡೋರು ಬಿಚ್ಚಿ ಹಾಕಿದ್ದನ್ನ ಹಾಗೇ ಎತ್ಕೊಂಡು ಹೋಗಿ ಓಟ ಮುಗಿಯೋ ಕಡೆ ಇಡೋದು, ಮಡಚೋದು ಗಿಡಚೋದು ಏನೂ ಬೇಡ, ನೀವು ಅವರಮ್ಮ ಅಲ್ಲ. ಅಮ್ಮ ಅಲ್ಲ, ಯಾರೂ ಅಲ್ಲ, ಅದೇ ಚೆನ್ನಾಗಿದೆ, ನಾಲ್ಕು ತಿಂಗಳಿಂದ ಎಲ್ಲರಿಗೂ ಅವಳು ಏನೋ ಒಂದು, ಪಾಪ ಎಡಿಲ್ಬೆರ್ತೊ ಹೆಂಡತಿ, ಪಾಪ ಇಪ್ಪತ್ತೊಂಬತ್ತಕ್ಕೇ ವಿಧವೆ, ಇಲ್ಲಿ ಅವಳು ಆರನೇ ನಂಬರು, ಕೈಯಲ್ಲಿ ನೀಲಿ ಬುಟ್ಟಿ, ಮೇಲೆ ಕತ್ತೆಹೊಟ್ಟೆಯ ಬೂದು ಬಣ್ಣದ ಲಿಮಾದ ಆಕಾಶ, ಮಳೆ ಅನ್ನಲಾಗದ ಜಿನುಗು. ಬುಟ್ಟಿಯಲ್ಲಿ ಹಸಿರು ಜಾಕೀಟು, ನೀರಿನ ಬಾಟಲಿ, ಕೂದಲ ಕ್ಲಿಪ್ಪು, ಅದರ ಮೇಲೆ ಈ ಬಿಳಿ ಶೂ ಜೋಡಿ, ಲಾಡಿ ಬಿಚ್ಚದೆ ಹಿಮ್ಮಡಿಯಿಂದ ಎಳೆದು ತೆಗೆದಿದ್ದಾಳೆ ಹುಡುಗಿ, ಗಂಟು ಹಾಗೇ ಇದೆ. ಎಡಿಲ್ಬೆರ್ತೊನೂ ಹೀಗೇ, ಒಂದು ಕಾಲಿನಿಂದ ಇನ್ನೊಂದರ ಹಿಮ್ಮಡಿ ಒತ್ತಿ ಬಾಗಿಲಲ್ಲೇ ಕಳಚುತ್ತಿದ್ದ, ಲಾಡಿ ಯಾಕೋ ಇರೋದು ಅಂತ ಅವನಮ್ಮ ಬೈಯುತ್ತಿದ್ದರು, ಅಲಂಕಾರಕ್ಕಮ್ಮ, ಅನ್ನುತ್ತಿದ್ದ —

ಸ್ವಯಂಸೇವೆಗೆ ಅರ್ಜಿ ಹಾಕಿದವನೂ ಅವನೇ. ಇಬ್ಬರದೂ. ಇಷ್ಟು ದೊಡ್ಡ ಕ್ರೀಡಾಕೂಟ ನಮ್ಮೂರಿಗೆ ಇನ್ನೊಂದು ಸಲ ಬರಲ್ಲ ಕಣೇ, ನಾನು ದೀಪದ ಕಡೆ ಹಾಕ್ಸ್ಕೋತೀನಿ, ಹೇಗೂ ವೈರಿನ ಕೆಲಸ ಗೊತ್ತು, ನಿನಗೆ ಇಂಗ್ಲಿಷ್ ಬರುತ್ತೆ, ಆಟಗಾರರ ಹತ್ರ ಹಾಕ್ತಾರೆ. ಮಾರ್ಚಿನಲ್ಲಿ ಹೆದ್ದಾರಿಯಲ್ಲಿ ಅವನಿದ್ದ ವ್ಯಾನು ಮಗುಚಿತು. ಜೂನಿನಲ್ಲಿ ಇಬ್ಬರಿಗೂ ಒಪ್ಪಿಗೆ ಬಂತು. ಸಮವಸ್ತ್ರ ಕೊಡುವ ಕಡೆ ಕೂತಿದ್ದ ಹುಡುಗಿ, ಇನ್ನೊಬ್ಬರು ಅವರೇ ಬಂದು ತಗೋಬೇಕು ಮೇಡಂ, ಅಂದಳು, ಆಗಲಿ ಅಂತ ಸುಲೆಮಾ ತಲೆಯಾಡಿಸಿದಳು, ಹೇಳಲಿಲ್ಲ, ಆ ಹುಡುಗಿಯ ಮಟ್ಟಿಗಾದರೂ ಅವನು ಇನ್ನೂ ಬರಬೇಕಾದವನಾಗಿ ಇರಲಿ ಅನ್ನಿಸಿತು. ಹಾಗೆ ಬಂದದ್ದು ಇಲ್ಲಿಗೆ, ದುಃಖ ಮರೆಯಲು ಅಂತಲ್ಲ, ಅವನು ಸಹಿ ಹಾಕಿದ್ದ ಅಂತ. ಆಮೇಲೆ ಈ ಬುಟ್ಟಿಗಳು ಸಿಕ್ಕವು. ದಿನಕ್ಕೆ ಹದಿನೈದು ಸಲ ಯಾರೋ ತಮ್ಮದೆಲ್ಲ ಬಿಚ್ಚಿ ಅವಳ ಮುಂದೆ ಹಾಕಿ ಹೋಗುತ್ತಾರೆ, ಹದಿನೈದು ಸಲ ಏದುಸಿರು ಬಿಡುತ್ತ ಬಂದು ಎತ್ತಿಕೊಳ್ಳುತ್ತಾರೆ. ಬರುತ್ತಾರೆ. ಗೆದ್ದವರು, ಸೋತವರು, ಅಳುವವರು, ಎಲ್ಲರೂ. ಇಷ್ಟೇ ಸಾಕಾಗಿತ್ತು ಅವಳಿಗೆ, ಯಾರಿಗೆ ಕೈಮುಗಿಯಬೇಕೋ ಗೊತ್ತಿಲ್ಲ.

ಓಟದ ಗುಂಡು ಹಾರಿತು, ಗ್ಯಾಲರಿಯ ಕೆಳಗಿನ ಹಾದಿಯಿಂದ ಏನೂ ಕಾಣದು, ಮೇಲೆ ಜನರ ಕಾಲು, ಹರ್ಡಲ್ಸ್ ಹುಡುಗಿಯರು ಅಲ್ಲೆಲ್ಲೋ ಹಾರುತ್ತಿದ್ದಾರೆ, ಹದಿಮೂರು ಸೆಕೆಂಡು, ಗದ್ದಲ ಏರಬೇಕಾದಲ್ಲಿ ಒಂದು ಸಲ ಅಯ್ಯೋ ಎಂದು ಇಳಿಯಿತು. ಮುಂದಿನ ಐದನೇ ಬುಟ್ಟಿಯ ದೋನ್ ಅಬೆಲಾರ್ದೊ, ನಿವೃತ್ತ ಅಂಚೆಯವರು, ತಿರುಗದೆಯೇ ಅಂದರು, ಯಾರೋ ಬಿದ್ರು. ಬುಟ್ಟಿಗಳನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟರು, ಒಂದು ಹೋಯಿತು, ನಾಲ್ಕು ಹೋಯಿತು, ಎಂಟು, ಎರಡು, ಮೂರು, ಏಳು, ಐದನೆಯವಳು ದೋನ್ ಅಬೆಲಾರ್ದೊ ಕೆನ್ನೆಗೆ ಮುತ್ತು ಕೊಟ್ಟು ಹೋದಳು, ಆರು ಉಳಿಯಿತು. ಕಣಕಾಲು ಉಳುಕಿದೆಯಂತೆ, ಮುರಿದಿದೆಯಂತೆ, ಸ್ಟ್ರೆಚರಿನಲ್ಲಿ ಒಯ್ದರಂತೆ. ನೆಲಿದಾ ಮೇಡಂ ಬಂದರು, ಕೈಯಲ್ಲಿ ದೊಡ್ಡ ಪ್ಲಾಸ್ಟಿಕ್ ಚೀಲ. ಮಗಳೇ, ಇದರಲ್ಲಿ ಸುರಿ, ನಂಬರು ಬರಿ, ಉಳಿದ ಸಾಮಾನಿನ ಕೋಣೆಗೆ ಕಳಿಸೋಣ. ಚೀಲ. ಪಾರದರ್ಶಕ, ಕಟ್ಟಲು ಬಿಳಿ ದಾರ. ಅದೇ. ಸಹಿ ಮಾಡಿ ಅಂದಿತ್ತು ಆಸ್ಪತ್ರೆ, ಅಂಗಿ ಒಂದು, ಬೆಲ್ಟು ಒಂದು, ಶೂ ಒಂದು ಜೊತೆ, ಶೂ ತಣ್ಣಗಿತ್ತು, ಲಾಡಿಯನ್ನು ಕತ್ತರಿಯಿಂದ ಕೆಳಗೆ ಕತ್ತರಿಸಿದ್ದರು, ಮೇಲೆ ಗಂಟು ಮಾತ್ರ ಹಾಗೇ, ಆ ದಿನ ಬೆಳಿಗ್ಗೆ ಅವನು ಹಾಕಿದ ಗಂಟು, ಎರಡು ಕಿವಿ ಒಂದೇ ಉದ್ದ. ಐದನೇ ದಿನ ಅತ್ತೆ ಅವನ ಬಟ್ಟೆಯೆಲ್ಲ ಮಾಂತಾರೊ ಹೊಳೆಯಲ್ಲಿ ಒಗೆದರು, ಅವರ ಕಡೆ ಒಗೆಯಲೇಬೇಕು, ಒಗೆದು ಬಂಡೆಯ ಮೇಲೆ ಹರಡಿ ಕೋಕಾ ಎಲೆ ಅಗಿಯುತ್ತ ಒಣಗುವವರೆಗೆ ಕೂರಬೇಕು, ಹೊಸಿಲಲ್ಲಿ ಬೂದಿ ಹರಡಬೇಕು, ಹೊರಟುಹೋದವನ ಹೆಜ್ಜೆ ನೋಡಲು. ಬೂದಿಯಲ್ಲಿ ಏನೂ ಮೂಡಲಿಲ್ಲ. ಏನೋ ಉಳಿಸ್ಕೊಂಡಿದ್ದೀಯ ನೀನು, ಅದಕ್ಕೇ ನನ್ನ ಮಗ ಹೊರಡ್ತಿಲ್ಲ, ಅಂದರು ಅತ್ತೆ, ಬೈಗುಳವಲ್ಲ, ಅಂಗಲಾಚುವ ದನಿ. ಶೂ ಅವಳ ಸೂಟ್‌ಕೇಸಿನಲ್ಲಿತ್ತು. ಈಗಲೂ ಇದೆ, ಗಂಟು ಬಿಚ್ಚಿಲ್ಲ —

ಸುರೀತೀಯೋ ನಾನೇ ಸುರೀಲೋ. ಬೇಡ ಮೇಡಂ, ಅವಳು ಬರ್ತಾಳೆ. ಕಾಲು ಮುರ್ಕೊಂಡವಳು ಶೂ ತಗೋಳೋಕೆ ಬರ್ತಾಳಾ, ಹುಡುಗಿ, ಮುಂದಿನ ಓಟಕ್ಕೆ ನನಗೆ ಎಂಟು ಬುಟ್ಟಿ ಬೇಕು, ಏಳಲ್ಲ. ಸುಲೆಮಾ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡಳು, ತನ್ನ ಕೈಗಳು ಹಾಗೆ ಮಾಡಿದ್ದು ಅವಳಿಗೆ ಆಮೇಲೆ ತಿಳಿಯಿತು, ಚೀಲಕ್ಕೆ ಹಾಕಬೇಡಿ, ಅಂದಳು, ದಯವಿಟ್ಟು, ಚೀಲಕ್ಕೆ ಬೇಡ. ನೆಲಿದಾ ಮೇಡಂ ಅವಳ ಮುಖ ನೋಡಿದರು, ಏನು ಕಂಡಿತೋ, ಚೀಲ ಮಡಚಿದರು. ಅಷ್ಟರಲ್ಲಿ ದೋನ್ ಅಬೆಲಾರ್ದೊ ಎಲ್ಲಿಗೋ ಹೋಗಿದ್ದವರು ಬಂದರು, ಕ್ಯಾಂಟೀನಿನ ಬ್ರೆಡ್ ಬುಟ್ಟಿ ತಂದಿದ್ದರು, ಅದೂ ನೀಲಿಯೇ, ತಳದಲ್ಲಿ ಬ್ರೆಡ್ಡಿನ ಪುಡಿ. ತಾತ, ಓಡೋರ ಬಟ್ಟೇಲಿ ಇರುವೆ ಬಿಡ್ತೀರಾ. ಓಡೋರು ತಾನೇ, ಇನ್ನೂ ಜೋರಾಗಿ ಓಡ್ತಾರೆ ಬಿಡಿ. ನಲವತ್ತು ವರ್ಷ ಕಾಗದ ಹಂಚಿದೀನಿ ಮೇಡಂ, ವಿಳಾಸದಾರರು ಇಲ್ಲ ಅಂತ ಒಂದೇ ದಿನಕ್ಕೆ ವಾಪಸ್ ಮಾಡಿದ್ದಿಲ್ಲ. ಕವಾಯತಿನ ದನಿ ಗೊಣಗಿತು, ಬುಟ್ಟಿ ಕೊಡವಿತು, ಸರಿ, ನಿನ್ನ ಬದಲು ನಾನೇ ನಡೀತೀನಿ, ಕೂತ್ಕೋ ನೀನು, ಅಂದಿತು. ಎಂಟು ಬುಟ್ಟಿ ಸಾಲಾಗಿ ಹೋಯಿತು, ಆರನೆಯದರ ಹಿಂದೆ ಮೇಡಮ್ಮಿನ ಅಗಲ ಬೆನ್ನು. ಆ ಬೆನ್ನನ್ನು ನೋಡುತ್ತ ಸುಲೆಮಾ ತೋಳಿನಿಂದ ಕಣ್ಣೊರೆಸಿಕೊಂಡಳು, ನಾಲ್ಕು ತಿಂಗಳಲ್ಲಿ ಮೊದಲ ಸಲ, ಸಾವಿಗಲ್ಲ, ಒಂದು ಬ್ರೆಡ್ ಬುಟ್ಟಿಗೆ. ಏನು ಎತ್ತ ಅಂತ ಕೇಳಲಿಲ್ಲ ಇವರು. ಹೆಬ್ಬೆರಳು ಶೂ ಮುಟ್ಟಿತು, ಆರುತ್ತಿದೆ, ಬಂದುಬಿಡು ಹುಡುಗಿ, ಮೂರು ಓಟ ಆಯಿತು, ನಾಲ್ಕಾಯಿತು, ಶೂ ಆರಿತು, ಅವಳು ನಿಯಮ ಮುರಿದು ಒಳಗೆ ಅಂಗೈ ಇಟ್ಟಳು, ಆರಬಾರದು —

ಟಕ್. ಏನಿಲ್ಲ. ಟಕ್. ಸಿಮೆಂಟಿನ ಮೇಲೆ ಒಂದೇ ಕಾಲಿನ ಮುಳ್ಳುಶೂ, ಇನ್ನೊಂದಕ್ಕೆ ದಪ್ಪ ಬ್ಯಾಂಡೇಜು, ಕಂಕುಳಲ್ಲಿ ಊರುಗೋಲು, ಸೇಂಟ್ ವಿನ್ಸೆಂಟಿನ ಕೆಟೂರಾ, ಎದೆಯ ಚೀಟಿಯಲ್ಲಿ ಹೆಸರಿದೆ, ಇಪ್ಪತ್ತು ದಾಟಿರಲಿಕ್ಕಿಲ್ಲ, ಅತ್ತು ಮುಖ ಊದಿದೆ. ನನ್ನ ಬುಟ್ಟಿ ಎಸೆದಿರ್ತೀರ ಅಂದ್ಕೊಂಡಿದ್ದೆ ಅಕ್ಕಾ. ಇಲ್ಲಮ್ಮ. ನಮ್ಮ ದ್ವೀಪದಿಂದ ಓಡೋಕೆ ಬಂದವಳು ನಾನೊಬ್ಬಳೇ, ಮೂರನೇ ಹರ್ಡಲ್ಲೂ ದಾಟಲಿಲ್ಲ, ಊರಲ್ಲೆಲ್ಲ ಟೀವಿ ಮುಂದೆ ಕೂತಿದ್ರು. ಬಂದೆಯಲ್ಲ, ಅಂದಳು ಸುಲೆಮಾ, ಬಂದೆಯಲ್ಲ, ಸಾಕು. ಹುಡುಗಿ ಬೆಂಚಿನ ಮೇಲೆ ಕೂತಳು, ಬಗ್ಗಲಾಗದು, ಸುಲೆಮಾ ನೆಲಕ್ಕೆ ಮೊಣಕಾಲೂರಿ ಮುಳ್ಳುಶೂ ಕಳಚಿದಳು, ಬಿಳಿ ಶೂವನ್ನು ಕೈಗೆತ್ತಿಕೊಂಡಳು. ಬಲಗಾಲಿಗೊಂದೇ ಸಾಕು, ಎಡಗಾಲಿಂದು ಕೈಯಲ್ಲೇ ಹಿಡ್ಕೊಂಡು ಹೋಗ್ತೀನಿ, ಅಂದು ಹುಡುಗಿ ಮೂಗೊರೆಸಿ ನಕ್ಕಳು. ಗಂಟು. ಬಿಚ್ಚದೆ ಕಾಲು ಹೋಗುವುದಿಲ್ಲ. ಎರಡು ಕಿವಿ, ಒಂದು ಎಳೆದರೆ ಸಾಕು, ಬೆರಳು ನಿಂತವು, ಸೂಟ್‌ಕೇಸು, ಕತ್ತರಿ, ಹೊಳೆ, ಅತ್ತೆಗೆ ಫೋನು ಮಾಡಬೇಕು, ಅವನ ಶೂ ತರ್ತೀನಿ ಅತ್ತೆ, ನಾನೇ ಒಗೀತೀನಿ ಅನ್ನಬೇಕು, ಬೆರಳು ಎಳೆದವು, ಸರಕ್ಕನೆ ಬಿಚ್ಚಿಕೊಂಡಿತು, ಇಷ್ಟು ಸುಲಭವೇ, ಕಾಲು ಒಳಗೆ ಜಾರಿತು, ಅವಳು ಲಾಡಿ ಎಳೆದು ಬಿಗಿದಳು, ಬಿಗಿ ಆಯಿತಾ, ಇಲ್ಲಕ್ಕಾ, ಥ್ಯಾಂಕ್ಸ್, ಇಲ್ಲಮ್ಮ, ನಾನು ಹೇಳಬೇಕು, ಒಂದು ಕಿವಿ, ಇನ್ನೊಂದು ಕಿವಿ, ಒಂದೇ ಉದ್ದ, ಗಂಟು, ಗಂಟಿನ ಕೆಳಗೆ ಬಿಸಿ, ಬಿಸಿಯೊಳಗೆ ಬೆರಳಾಡಿಸುತ್ತಿರುವ ಪಾದ, ಗಂಟು —